ನಿಕಲ್‌ಗೆ ಸಂದ ಹೊಗಳಿಕೆ ಪ್ಲಾಟಿನಂನದಾಗಿತ್ತು

ಪ್ಲಾಟಿನಂ ಇಲ್ಲದೆ ನೀರಿನಿಂದ ಜಲಜನಕ ತೆಗೆಯಬೇಕೆಂಬುದು ನನ್ನ ಸಂಶೋಧನೆಯ ಗುರಿಯಾಗಿತ್ತು. ಅದೇ ಪ್ಲಾಟಿನಂ ಕಳ್ಳದಾರಿಯಿಂದ ಒಳನುಗ್ಗಿ, ಎರಡು ತಿಂಗಳು ನನ್ನ ನಿಕಲ್‌ನ ಹೆಸರಿನಲ್ಲಿ ದುಡಿದಿತ್ತು.

ನೀರನ್ನು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಅದರ ಮೇಲೆ ತೆರಬೇಕಾದ ಅಧಿಕ ವೋಲ್ಟೇಜನ್ನು ಇಳಿಸುವುದೇ ವೇಗವರ್ಧಕದ ಕೆಲಸ. ನಿಕಲ್ ಅಗ್ಗದ್ದು, ಕ್ಷಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಒಂಟಿಯಾಗಿ ಮಂದ. ಮಾಲಿಬ್ಡಿನಮ್ ಜೊತೆಯಾದರೆ ಚುರುಕಾಗುತ್ತದೆ. ಮಾಲಿಬ್ಡಿನಮ್‌ನದೊಂದು ವಿಚಿತ್ರ ಸ್ವಭಾವವಿದೆ: ನೀರಿನ ದ್ರಾವಣದಿಂದ ಅದು ಒಂಟಿಯಾಗಿ ಲೋಹವಾಗಿ ಕೂರುವುದಿಲ್ಲ. ನಿಕಲ್, ಕಬ್ಬಿಣ, ಕೋಬಾಲ್ಟ್‌ಗಳಲ್ಲಿ ಒಂದು ಕೈಹಿಡಿದರಷ್ಟೇ ಬರುತ್ತದೆ.

ನಿಕಲ್ ನೊರೆಯ (ಸ್ಪಂಜಿನಂತೆ ರಂಧ್ರಗಳಿರುವ ನಿಕಲ್ ಹಾಳೆ) ತುಂಡುಗಳನ್ನು 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಮೇಲಿನ ಆಕ್ಸೈಡ್ ತೆಗೆದೆ. ನಿಕಲ್ ಸಲ್ಫೇಟ್, ಸೋಡಿಯಂ ಮಾಲಿಬ್ಡೇಟ್, ಸೋಡಿಯಂ ಸಿಟ್ರೇಟ್ ಕರಗಿಸಿ, ಅಮೋನಿಯಾ ಹಾಕಿ ಕ್ಷಾರೀಯವಾಗಿಸಿದ ದ್ರಾವಣದಲ್ಲಿ ಲೇಪನ ಮಾಡಿದೆ. ಮೊದಲ ತುಂಡುಗಳಿಂದ ಲೇಪ ಹಕ್ಕಳೆಯಂತೆ ಉದುರಿತು. ದಪ್ಪವಾದಷ್ಟೂ ಒಳ್ಳೆಯದೆಂಬ ದುರಾಸೆಯ ಫಲ. ಸಮಯ ಕಡಿಮೆ ಮಾಡಿದ ಮೇಲೆ ಕಪ್ಪಗಿನ, ಬೆರಳಿಗೆ ಅಂಟದ ಪದರ ಸಿಕ್ಕಿತು.

ಅಳತೆ 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹರಿಯುವಾಗ ಬರಿಯ ನಿಕಲ್ ನೊರೆಗೆ ಸುಮಾರು 220 ಮಿಲಿವೋಲ್ಟ್ ಅಧಿಕ ವೋಲ್ಟೇಜ್ ಬೇಕಾಯಿತು, ನನ್ನ ಲೇಪನಕ್ಕೆ ಸುಮಾರು 75. ಇದೇ ತೃಪ್ತಿಕರವಾಗಿತ್ತು. ಆದರೆ ತುಂಡನ್ನು ದಿನಗಟ್ಟಲೆ ಓಡಿಸಿದಂತೆ ಅಂಕಿ ಇಳಿಯುತ್ತಲೇ ಹೋಗಿ 40ರ ಹತ್ತಿರ ಬಂತು. ಬಳಸಿದಷ್ಟೂ ಚುರುಕಾಗುವ ವೇಗವರ್ಧಕ! ಮೇಲ್ಮೈ ತಾನೇ ಪುನರ್ರಚನೆಗೊಳ್ಳುತ್ತಿದೆ ಎಂದು ಎರಡು ಪುಟದ ವಿವರಣೆಯನ್ನೂ ಬರೆದಿಟ್ಟೆ. ಅದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ವಾಕ್ಯಗಳು ಮಾತ್ರ ಚೆನ್ನಾಗಿವೆ.

ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: "ಎದುರಿನ ಎಲೆಕ್ಟ್ರೋಡ್ ಯಾವುದು?"

ಪ್ಲಾಟಿನಂ ತಂತಿ. ನಿಕಲ್ ತುಂಡು, ಅದರ ಎದುರಿನ ಪ್ಲಾಟಿನಂ, ವೋಲ್ಟೇಜ್ ಅಳೆಯಲು ಹೋಲಿಕೆಗೆಂದು ಇಡುವ ಆಧಾರ ಎಲೆಕ್ಟ್ರೋಡ್, ಈ ಮೂರೂ ಒಂದೇ ಪಾತ್ರೆಯಲ್ಲಿದ್ದವು. ನಿಕಲ್ ಕಡೆ ಜಲಜನಕ ಬರುವಾಗ ಪ್ಲಾಟಿನಂ ಕಡೆ ಆಮ್ಲಜನಕ ಬರುತ್ತದೆ. ಆ ಸ್ಥಿತಿಯಲ್ಲಿ ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಕರಗಿ, ದ್ರಾವಣದಲ್ಲಿ ಸಾಗಿ, ಕ್ಯಾಥೋಡಿನ, ಅಂದರೆ ನನ್ನ ನಿಕಲ್ ತುಂಡಿನ ಮೇಲೆ ಮತ್ತೆ ಲೋಹವಾಗಿ ಕೂರುತ್ತದೆ. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಎಕ್ಸ್‌–ಕಿರಣ ದ್ಯುತಿ ಎಲೆಕ್ಟ್ರಾನ್ ರೋಹಿತವನ್ನು ಮೊದಲೇ ತೆಗೆಸಿದ್ದೆ. ಮೇಲ್ಮೈಯಲ್ಲಿ ಯಾವ ಧಾತುಗಳಿವೆ ಎಂಬುದನ್ನು ಶಿಖರಗಳ ಜಾಗದಿಂದ ಹೇಳುವ ಪರೀಕ್ಷೆ ಅದು. ಪ್ಲಾಟಿನಂನ ಮುಖ್ಯ ಶಿಖರ 71 ಎಲೆಕ್ಟ್ರಾನ್ ವೋಲ್ಟ್ ಬಳಿ ಬರುತ್ತದೆ. ನಿಕಲ್‌ನದೂ ಒಂದು ಶಿಖರ 67ರ ಆಸುಪಾಸಿನಲ್ಲೇ ಇದೆ. ಅಲ್ಲಿದ್ದ ಸಣ್ಣ ಉಬ್ಬನ್ನು ನಿಕಲ್‌ನ ಬಾಲವೆಂದುಕೊಂಡು ದಾಟಿಬಿಟ್ಟಿದ್ದೆ. ಹುಡುಕಬೇಕೆಂದು ಮನಸ್ಸಿಲ್ಲದವನಿಗೆ ಅದು ಕಾಣುವಂತಿರಲಿಲ್ಲ ಕೂಡ.

ತಂತಿಯನ್ನು ತೆಗೆದು ಗ್ರಾಫೈಟ್ ಕಡ್ಡಿ ಹಾಕಿ, ಹೊಸ ಪಾತ್ರೆ, ಹೊಸ ದ್ರಾವಣ, ಹೊಸ ತುಂಡಿನೊಂದಿಗೆ ಮೊದಲಿನಿಂದ ಆರಂಭಿಸಿದೆ. ಅಂಕಿ 75ರಲ್ಲಿ ಶುರುವಾಗಿ, ಇಳಿಯುವ ಬದಲು ನಿಧಾನವಾಗಿ 90ಕ್ಕೆ ಏರಿತು. ನಿಜವಾದ ನಿಕಲ್‌–ಮಾಲಿಬ್ಡಿನಮ್‌ನ ಮುಖ ನೋಡಿದ್ದು ಅಂದೇ.

ಆಮೇಲೆ ಉಳಿದ ಅಳತೆಗಳ ಮೇಲೂ ಅನುಮಾನ ಹುಟ್ಟಿತು. ನೊರೆ ಬತ್ತಿಯಂತೆ ದ್ರಾವಣವನ್ನು ಮೇಲಕ್ಕೆಳೆಯುತ್ತದೆ. ಹೀಗಾಗಿ ಒಂದು ಚದರ ಸೆಂಟಿಮೀಟರ್ ಎಂದು ಬರೆದದ್ದು ಅದಕ್ಕಿಂತ ಹೆಚ್ಚಿತ್ತು. ಗಡಿಯನ್ನು ಎಪಾಕ್ಸಿಯಿಂದ ಮುಚ್ಚಿದೆ. ದ್ರಾವಣದ ರೋಧ ನುಂಗುವ ವೋಲ್ಟೇಜನ್ನು ಅಳತೆಯಿಂದ ಕಳೆಯುವ ಲೆಕ್ಕವೂ ಅಪಾಯಕಾರಿ. ರೋಧ ಒಂದು ಓಮ್ ಇದ್ದರೆ 10 ಮಿಲಿಆಂಪಿಯರ್‌ನಲ್ಲಿ ಕಳೆಯಬೇಕಾದದ್ದು 10 ಮಿಲಿವೋಲ್ಟ್, 500 ಮಿಲಿಆಂಪಿಯರ್‌ನಲ್ಲಿ ಅರ್ಧ ವೋಲ್ಟ್. ಅಲ್ಲಿ ಸ್ವಲ್ಪ ಉದಾರವಾಗಿ ಕಳೆದರೆ ಎಂಥ ಕಳಪೆ ವೇಗವರ್ಧಕವೂ ಮಿಂಚುತ್ತದೆ. ತಿದ್ದುಪಡಿ ಮಾಡದ ರೇಖೆಯನ್ನೂ ಪಕ್ಕದಲ್ಲೇ ತೋರಿಸದ ನಕ್ಷೆಯನ್ನು ನಾನೀಗ ನಂಬುವುದಿಲ್ಲ.

ಏರಿಕೆಯ ಕಾರಣ ಹುಡುಕುವಾಗ ಸಿಕ್ಕ ಸುಳಿವು ರಾತ್ರಿಗಳದ್ದು. ವಿದ್ಯುತ್ ಹರಿಯುತ್ತಿರುವಾಗ ತುಂಡು ಬಹುಮಟ್ಟಿಗೆ ಸ್ಥಿರವಾಗಿತ್ತು. ಸಂಜೆ ನಿಲ್ಲಿಸಿ ದ್ರಾವಣದಲ್ಲೇ ಬಿಟ್ಟು ಹೋದರೆ ಬೆಳಿಗ್ಗೆ ಮಂಕಾಗಿರುತ್ತಿತ್ತು. ರಕ್ಷಿಸುವ ವಿದ್ಯುತ್ ಇಲ್ಲದಾಗ ಮಾಲಿಬ್ಡಿನಮ್ ಉತ್ಕರ್ಷಣಗೊಂಡು ಮಾಲಿಬ್ಡೇಟ್ ಆಗಿ ಕ್ಷಾರಕ್ಕೆ ಇಳಿಯುತ್ತದೆ. ಬಿಸಿಲು, ಗಾಳಿಗಳಿಂದ ಬರುವ ವಿದ್ಯುತ್ತಿಗೆ ತಕ್ಕಂತೆ ನಿಂತು ನಡೆಯುವ ಘಟಕದಲ್ಲಿ ಇದು ದಿನನಿತ್ಯದ ಪಾಡು. ಹಾಗಾಗಿ ನನ್ನ ಪರೀಕ್ಷೆಯನ್ನೇ ಬದಲಿಸಿದೆ: ನೂರು ಗಂಟೆ ಎಡೆಬಿಡದೆ ಓಡಿಸುವ ಬದಲು ಎಂಟು ಗಂಟೆ ಓಟ, ಎಂಟು ಗಂಟೆ ವಿರಾಮ. ಮಾಲಿಬ್ಡಿನಮ್ ಪಾಲು ಕಡಿಮೆಯಿರುವ ಲೇಪನಗಳು ಮೊದಲ ದಿನ ಹಿಂದುಳಿದು, ಹತ್ತನೆಯ ಸುತ್ತಿಗೆ ಮುಂದೆ ಬಂದವು. ಈಗ ಕೆಲಸ ಮಾಡುತ್ತಿರುವುದು ಅವುಗಳ ಮೇಲೆಯೇ. ಪ್ಲಾಟಿನಂ ತಂತಿಯನ್ನು ಆಧಾರ ಎಲೆಕ್ಟ್ರೋಡಿನ ಸರಿಹೊಂದಿಕೆಗೆಂದು ಬೇರೆ ಪಾತ್ರೆಯಲ್ಲಿ ಮಾತ್ರ ಬಳಸುತ್ತೇನೆ.