ಮುನಿಸು ಬಿಟ್ಟು ಕ್ಷಮಿಸುವ ಬಗೆ

ದೋಣಿಯ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಇಗರ್ಜಿಯಲ್ಲಿ ದೂರ ದೂರ ಕುಳಿತುಕೊಳ್ಳುವುದು ಕಾರವಾರದ ಕರಾವಳಿಗೆ ಹೊಸತೇನಲ್ಲ. ಇಂಥವರು ಮೊದಲು ಮಾಡಬೇಕಾದದ್ದು, ಆದ ನೋವನ್ನು ಇದ್ದ ಹಾಗೆಯೇ ದೇವರ ಮುಂದೆ ಹೇಳಿಕೊಳ್ಳುವುದು. ಏನೂ ಆಗಿಲ್ಲವೆಂದು ಮುಚ್ಚಿಟ್ಟ ಗಾಯ ಒಳಗೇ ಕೀವಾಗುತ್ತದೆ.

ಬಳಿಕ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅಲ್ಲಿನ ಸಾಮತಿಯಲ್ಲಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯಲ್ಲಿ, 10,000 ತಲಾಂತುಗಳ ಸಾಲ ಮನ್ನಾ ಆದ ಸೇವಕನು ಹೊರಬಂದವನೇ, ತನಗೆ 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ. ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ, ತಲಾಂತು ಸುಮಾರು 6,000 ದಿನಾರಿ. ಅಂದರೆ ಅವನಿಗೆ ಮನ್ನಾ ಆದದ್ದು ಅವನು ವಸೂಲಿಗೆ ನಿಂತದ್ದಕ್ಕಿಂತ ಆರು ಲಕ್ಷ ಪಟ್ಟು ಹೆಚ್ಚು. ನಮ್ಮ ದೂರಿನ ಪಟ್ಟಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಹೃದಯಶುದ್ಧಿಯ ಕೆಲಸ ಅರ್ಧ ಮುಗಿದಂತೆ.

ಆಮೇಲೆ ಹೋಗಿ ಮಾತನಾಡಬೇಕು, ಅದೂ ಒಬ್ಬರೇ. ಊರಿನ ನಾಲ್ಕು ಜನರನ್ನು ಕರೆದುಕೊಂಡು ಹೋದರೆ ಅದು ಪಂಚಾಯಿತಿಯಾಗುತ್ತದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂದು ಯೇಸು ಹೇಳಿದ್ದು (ಮತ್ತಾಯ 5:23-24) ಇದಕ್ಕೇ. ಆದರೆ ಮನೆಯಲ್ಲಿ ಹೊಡೆತ ತಿಂದವರು ಕ್ಷಮೆಯ ಹೆಸರಿನಲ್ಲಿ ಅದೇ ಮನೆಗೆ ಮರಳಬೇಕೆಂದು ಯಾರೂ ಒತ್ತಾಯಿಸಬಾರದು.

ಎದುರಿನವನು ಬಾಗಿಲು ತೆರೆಯದಿದ್ದರೆ, ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಟ್ಟು (ರೋಮನ್ನರಿಗೆ 12:19), ಮರುದಿನದ ಪ್ರಾರ್ಥನೆಯಲ್ಲಿ ಅವನ ಹೆಸರನ್ನೂ ಸೇರಿಸಿಕೊಳ್ಳಬೇಕು.