ನಿಮ್ಮ ಲ್ಯಾಪ್‌ಟಾಪ್ ಎಷ್ಟು ರ‍್ಯಾಮ್ ತಾಳೀತು?

ಬ್ರೌಸರ್‌ನಲ್ಲಿ ಹತ್ತು ಟ್ಯಾಬ್, ಪಕ್ಕದಲ್ಲೊಂದು ಎಕ್ಸೆಲ್ ಹಾಳೆ. ಅಷ್ಟಕ್ಕೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿದ್ದರೆ ಅಂಗಡಿಯವರು ‘ರ‍್ಯಾಮ್ ಹಾಕಿಸಿಬಿಡಿ ಸಾರ್’ ಅನ್ನುತ್ತಾರೆ. ರ‍್ಯಾಮ್ ಅಂದರೆ ಕೆಲಸ ನಡೆಯುತ್ತಿರುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ. ಎಷ್ಟು ಹಾಕಿಸಬಹುದು ಎಂಬುದನ್ನು ಮಾತ್ರ ದುಡ್ಡು ಕೊಡುವ ಮುಂಚೆ ನೀವೇ ನೋಡಿಕೊಳ್ಳುವುದು ಲೇಸು. ಅರ್ಧ ಗಂಟೆಯ ಕೆಲಸ.

ಉದಾಹರಣೆಗೆ ಲೆನೊವೊ ಕಂಪನಿಯ 2018ರ ಥಿಂಕ್‌ಪ್ಯಾಡ್ ಟಿ480 ಇಟ್ಟುಕೊಳ್ಳೋಣ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಚಿರಪರಿಚಿತ ಮಾದರಿ ಇದು.

ಮೊದಲು ಲ್ಯಾಪ್‌ಟಾಪನ್ನು ಮಗುಚಿ, ಅಡಿಯ ಚೀಟಿಯಲ್ಲಿರುವ ಮಾದರಿಯ ಹೆಸರನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ. ಟಿ480ಯಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ, ಅಂದರೆ ರ‍್ಯಾಮ್‌ನ ಪಟ್ಟಿ (ಸ್ಟಿಕ್) ಕೂರಿಸುವ ಜಾಗ. ಅದರ ತೆಳುವಾದ ತಮ್ಮ ಟಿ480ಎಸ್‌ನಲ್ಲಿ ಒಂದೇ ಸ್ಲಾಟ್, ಉಳಿದ ರ‍್ಯಾಮ್ ಬೋರ್ಡಿಗೇ ಬೆಸುಗೆ. ಕಂಪನಿ ಹೇಳುವ ಮಿತಿ ಮೊದಲನೆಯದಕ್ಕೆ 32 ಜಿಬಿ, ಎರಡನೆಯದಕ್ಕೆ 24. ಕೊನೆಯ ಒಂದು ಅಕ್ಷರ ತಪ್ಪಿದರೆ ಲೆಕ್ಕವೆಲ್ಲ ತಲೆಕೆಳಗು.

ಈಗ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಕ್ಲಿಕ್ಕಿಸಿದರೆ ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’ ಎಂಬಂಥ ಸಾಲು ಸಿಗುತ್ತದೆ. ಅಂದರೆ ಒಂದು ಸ್ಲಾಟ್ ಖಾಲಿ. ಹಳೆಯ ಸ್ಟಿಕ್ ಕೀಳದೆಯೇ ಇನ್ನೊಂದು ಹಾಕಬಹುದು. ಅಲ್ಲೇ ‘ಫಾರ್ಮ್ ಫ್ಯಾಕ್ಟರ್’ ಎದುರು ಸೋಡಿಮ್ ಎಂದಿದ್ದರೆ ಬಿಚ್ಚಿ ಹಾಕುವ ಸ್ಟಿಕ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ ಹಾಕಿದ್ದು. ಆದರೆ ಈ ಪರದೆಯನ್ನು ಪೂರ್ತಿ ನಂಬಬೇಡಿ. ಕೆಲವು ಲ್ಯಾಪ್‌ಟಾಪ್‌ಗಳು ಬೆಸುಗೆಯ ಚಿಪ್‌ಗಳನ್ನೂ ಸ್ಲಾಟ್ ಎಂದೇ ಎಣಿಸುತ್ತವೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಮೆಮೊರಿಯ ಬಗೆ ‘ಎಲ್‌ಪಿ’ಯಿಂದ ಶುರುವಾಗಿದ್ದರೆ ಅದು ಹೆಚ್ಚುಕಮ್ಮಿ ಬೆಸುಗೆಯದೇ. ಮ್ಯಾಕ್‌ಬುಕ್ ಏರ್‌ನವರು ಇಲ್ಲಿಗೇ ಓದು ನಿಲ್ಲಿಸಬಹುದು: ಕೊಳ್ಳುವಾಗ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಮುಂದಿನದು ಪ್ರೊಸೆಸರ್. ಅದರ ಪೂರ್ತಿ ಹೆಸರೂ ಟಾಸ್ಕ್ ಮ್ಯಾನೇಜರ್‌ನಲ್ಲೇ ಇದೆ. ಇಂಟೆಲ್ ತನ್ನ ಪ್ರತಿ ಪ್ರೊಸೆಸರ್‌ನ ವಿವರವನ್ನು ಜಾಲತಾಣದಲ್ಲಿ ಕೊಡುತ್ತದೆ. ಅಲ್ಲಿ ‘ಮ್ಯಾಕ್ಸ್ ಮೆಮೊರಿ ಸೈಜ್’ ಹುಡುಕಿ. ಟಿ480ಯಲ್ಲಿ ಸಾಮಾನ್ಯವಾಗಿ ಇರುವ ಐ5-8250ಯುಗೆ ಅಲ್ಲಿ ಬರೆದಿರುವುದು 32 ಜಿಬಿ.

ಇಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಂಡಿರಾ? ಸ್ವಾರಸ್ಯ ಇರುವುದೇ ಇಲ್ಲಿ. ಲ್ಯಾಪ್‌ಟಾಪ್ ಕಂಪನಿ 32 ಅನ್ನುತ್ತದೆ, ಇಂಟೆಲ್ಲೂ 32 ಅನ್ನುತ್ತದೆ. ಆದರೂ ಎರಡು 32 ಜಿಬಿ ಸ್ಟಿಕ್ ಹಾಕಿ ಟಿ480ಯಲ್ಲಿ 64 ಜಿಬಿ ಓಡಿಸುವವರು ಬೇಕಾದಷ್ಟು ಜನ. ಈ ಮಾದರಿ ಬಂದಾಗ ಲ್ಯಾಪ್‌ಟಾಪ್‌ನ 32 ಜಿಬಿ ಸ್ಟಿಕ್ ಅಂಗಡಿಯಲ್ಲೇ ಇರಲಿಲ್ಲ, ಪರೀಕ್ಷಿಸಿದ್ದನ್ನಷ್ಟೇ ಬರೆದರು. 2012ರ ಮಧ್ಯದಲ್ಲಿ ಬಂದ ಮ್ಯಾಕ್‌ಬುಕ್ ಪ್ರೋ 13 ಇಂಚಿನದೂ ಹೀಗೆಯೇ: ಆಪಲ್ ಹೇಳಿದ್ದು 8, ಹಿಡಿದದ್ದು 16. ಹಾಗೆಂದು ಎಲ್ಲ ಯಂತ್ರವೂ ಹೇಳಿದ್ದರ ಎರಡರಷ್ಟು ತಾಳುತ್ತದೆಂದು ಹೊರಡಬೇಡಿ. ನಿಮ್ಮದೇ ಮಾದರಿಯಲ್ಲಿ ಹಾಕಿ ನೋಡಿದವರ ಅನುಭವ ಸಿಕ್ಕಿದರೆ ಮಾತ್ರ ಕೈಹಾಕಿ, ಅದೂ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲಿ. ಲಿನಕ್ಸ್‌ನ ಡಿಎಂಐಡಿಕೋಡ್ ಎಂಬ ಆಜ್ಞೆ ತೋರಿಸುವ ‘ಮ್ಯಾಕ್ಸಿಮಮ್ ಕೆಪ್ಯಾಸಿಟಿ’ಯೂ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ಯಾರೋ ತುಂಬಿಟ್ಟ ಅಂಕಿ, ಅಳೆದು ಹೇಳಿದ್ದಲ್ಲ.

ಸ್ಟಿಕ್‌ನ ಬಗೆ ತಪ್ಪಿದರೆ ಇಷ್ಟೂ ವ್ಯರ್ಥ. ಲ್ಯಾಪ್‌ಟಾಪ್ ರ‍್ಯಾಮ್‌ನ ಒಂದೊಂದು ತಲೆಮಾರಿನ ಪಿನ್ ಸಂಖ್ಯೆ ಬೇರೆ: ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮೋಸ ಹೋಗುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡೂ ಒಂದೇ ಸ್ಲಾಟಿನಲ್ಲಿ ಕೂರುತ್ತವೆ, ಆದರೆ ಮೊದಲನೆಯದಕ್ಕೆ 1.5 ವೋಲ್ಟ್, ಎರಡನೆಯದಕ್ಕೆ 1.35 ಸಾಕು. 1.35 ವೋಲ್ಟನ್ನಷ್ಟೇ ಕೊಡುವ, ಅಕ್ಕನ ಮಗನ ಹಳೆಯ ಲ್ಯಾಪ್‌ಟಾಪ್‌ಗೆ ನಾನು 1.5 ವೋಲ್ಟಿನದು ಹಾಕಿ, ಕಪ್ಪು ಪರದೆ ನೋಡುತ್ತಾ ಒಂದು ಭಾನುವಾರ ಕಳೆದಿದ್ದೇನೆ. ವೇಗದ ಚಿಂತೆ ಅಷ್ಟಿಲ್ಲ. ಟಿ480ಯಲ್ಲಿ 2666ರ ಸ್ಟಿಕ್ 2400ರ ವೇಗಕ್ಕೆ ತಾನೇ ಇಳಿಯುತ್ತದೆ.

ವಿಂಡೋಸ್ 32 ಬಿಟ್‌ನದಾದರೆ 4 ಜಿಬಿ ದಾಟಿ ಹಾಕಿದ್ದು ಬಳಕೆಗೆ ಬಾರದು. 64 ಬಿಟ್‌ನ ವಿಂಡೋಸ್ 10 ಹೋಮ್ ಆದರೆ 128 ಜಿಬಿವರೆಗೆ ಯೋಚನೆಯಿಲ್ಲ.

ಬಿಚ್ಚುವಾಗ ಚಾರ್ಜರ್ ಕಿತ್ತರೆ ಸಾಲದು. ಟಿ480ಯ ಒಳಗೆ ಇನ್ನೊಂದು ಬ್ಯಾಟರಿ ಇದೆ. ಬಯಾಸ್‌ಗೆ ಹೋಗಿ ಅದನ್ನು ‘ಡಿಸೇಬಲ್’ ಮಾಡಿ, ಹಿಂಬದಿಯ ಬ್ಯಾಟರಿಯನ್ನೂ ತೆಗೆದು, ಆಮೇಲೆ ತಿರುಪು ಸಡಿಲಿಸಿ. ಸ್ಟಿಕ್ಕನ್ನು ಓರೆಯಾಗಿ ತಳ್ಳಿ ಕೆಳಕ್ಕೆ ಒತ್ತಿದರೆ ಎರಡು ಬದಿಯ ಕೊಕ್ಕೆಗಳು ಟಕ್ಕೆನ್ನುತ್ತವೆ. ಮೊದಲ ಸಲ ಪರದೆ ಬೆಳಗಲು ಸ್ವಲ್ಪ ಹೊತ್ತಾದರೆ ಗಾಬರಿ ಬೇಡ, ಹೊಸ ರ‍್ಯಾಮನ್ನು ಅದು ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಐದು ನಿಮಿಷವಾದರೂ ಬೆಳಗದಿದ್ದರೆ ಆಫ್ ಮಾಡಿ, ತೆಗೆದು ಮತ್ತೆ ಕೂರಿಸಿ. ಬಹುತೇಕ ಸಲ ಸ್ಟಿಕ್ ಪೂರ್ತಿ ಒಳಗೆ ಹೋಗಿರುವುದೇ ಇಲ್ಲ.