ಮುತ್ತಜ್ಜಿಯ ಹೆಸರನ್ನು ಹಳೆಯ ಕಾಗದಗಳಲ್ಲಿ ಹುಡುಕುವ ಬಗೆ

ನೂರು ವರ್ಷಗಳ ಹಿಂದೆ ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ಬಾಳಿದ ಮುತ್ತಜ್ಜನ ಹೆಸರು ಹೊಲದ ಉತಾರದಲ್ಲಿ, ಅಂದರೆ ಜಮೀನಿನ ಹಕ್ಕು ತೋರಿಸುವ ಸರಕಾರಿ ದಾಖಲೆಯ ನಕಲಿನಲ್ಲಿ, ಸಿಗುತ್ತದೆ. ಆತನ ಹೆಂಡತಿಯ ಹೆಸರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹೊಲಮನೆಗಳು ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಸರಕಾರಿ ಕಾಗದವು ಹೆಣ್ಣುಮಗಳನ್ನು ಗುರುತಿಸುತ್ತಿದ್ದುದು ಹೆಚ್ಚಾಗಿ ಆಕೆಯ ಗಂಡ ತೀರಿಕೊಂಡ ಮೇಲೆ. ಆದ್ದರಿಂದ ಮೊದಲು ಮುತ್ತಜ್ಜ ತೀರಿಕೊಂಡ ವರ್ಷವನ್ನು ಗೊತ್ತುಮಾಡಿಕೊಳ್ಳಬೇಕು.

ಹಿರಿಯರು ಇಸವಿ ಹೇಳಲಾರರು, ಆದರೆ ಸಂವತ್ಸರವನ್ನೋ ರೋಗರುಜಿನವನ್ನೋ ಹೇಳುತ್ತಾರೆ. ಧಾತು, ಈಶ್ವರ ಸಂವತ್ಸರಗಳ ಬರವೆಂದರೆ 1876-77. ಹುಬ್ಬಳ್ಳಿಯನ್ನು ಪ್ಲೇಗು ಕಾಡಿದ್ದು 1898ರ ವಿಳಂಬಿಯಲ್ಲಿ. ಇನ್‌ಫ್ಲುಯೆಂಝಾ ಜ್ವರ ಊರೂರುಗಳನ್ನು ಹೊಕ್ಕದ್ದು 1918ರ ಕಾಳಯುಕ್ತಿಯಲ್ಲಿ. ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ, ಆಗ ಮಕ್ಕಳು ಎಷ್ಟು ದೊಡ್ಡವರಿದ್ದರೆಂದು ಕೇಳಿ ತಾಳೆ ನೋಡಬೇಕು.

ಬಳಿಕ ಜಮೀನಿನ ದಾಖಲೆಗೆ ಹೋಗಬೇಕು. ಧಾರವಾಡ ಆಗ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಹಕ್ಕುದಾಖಲೆಯ ಕಾಯಿದೆ ಬಂದದ್ದು 1903ರಲ್ಲಿ. ಅದಾದ ಮೇಲಿನ ಬದಲಾವಣೆಗಳಿಗೆಲ್ಲ ಒಂದೊಂದು ನೋಂದಿನ ಸಂಖ್ಯೆಯಿದೆ. ಕೈಬರಹದ ಹಳೆಯ ಉತಾರದಲ್ಲಿ ಆ ಸಂಖ್ಯೆಯನ್ನು ಹಿಡಿದು, ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಿಂದ ವಾರಸಾ (ಉತ್ತರಾಧಿಕಾರದ) ನೋಂದಿನ ನಕಲನ್ನು ಪಡೆದು, ಅದರಲ್ಲಿ ಕಾಣುವ ಹಿಂದಿನ ಸಂಖ್ಯೆಗೆ, ಅಲ್ಲಿಂದ ಇನ್ನೂ ಹಿಂದಕ್ಕೆ ಹೀಗೆ ಸರಿಯಬೇಕು. ಆಕೆಯ ಹೆಸರಿನ ಮುಂದೆ ‘ಕೋಂ’ ಎಂದಿದ್ದರೆ ನಂತರದ್ದು ಗಂಡನ ಹೆಸರು. ಮಕ್ಕಳು ಚಿಕ್ಕವರಿದ್ದಾಗ ತಾಯಿಯೇ ಪಾಲನಕರ್ತಳಾಗಿ ಕಾಣಿಸಿಕೊಳ್ಳುತ್ತಾಳೆ. ಎಷ್ಟೋ ಮನೆತನಗಳಲ್ಲಿ ಆಕೆಯ ಹೆಸರು ಸಿಕ್ಕಿರುವುದು ಆ ಒಂದು ಸಾಲಿನಿಂದಲೇ. ಗದಗ, ಹಾವೇರಿ 1997ರವರೆಗೂ ಧಾರವಾಡ ಜಿಲ್ಲೆಯಲ್ಲಿಯೇ ಇದ್ದವೆಂಬುದನ್ನು ಮರೆಯಬಾರದು. ಹಳೆಯ ಕಾಗದ ಮರಾಠಿಯಲ್ಲಿ, ಅದರ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದ್ದರೆ ಬಲ್ಲವರಿಂದ ಓದಿಸಬೇಕು. ಅಂಥ ಪತ್ರಗಳಲ್ಲಿ ರುಜುವಿನ ಜಾಗದಲ್ಲಿ ಬಳೆಯ ಚಿತ್ರವಿದ್ದರೆ ಅದು ಅಕ್ಷರ ಬಾರದ ಹೆಣ್ಣುಮಗಳ ನಿಶಾನಿ.

ಉಪನೋಂದಣಿ ಕಚೇರಿಯಲ್ಲಿ ವಾಟ್ನಿ (ಪಾಲು) ಪತ್ರ, ಪೋಟಗಿ (ಜೀವನಾಂಶದ) ಪತ್ರಗಳಿಗಿಂತ ಮೊದಲು ದತ್ತಕ ಪತ್ರವನ್ನು ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಮುಂಬಯಿ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಹಿಂದೂ ನ್ಯಾಯದಂತೆ ವಿಧವೆಯು ಗಂಡನ ಅಪ್ಪಣೆ ಪಡೆದಿರದಿದ್ದರೂ ದತ್ತಕ ತೆಗೆದುಕೊಳ್ಳಬಹುದಾಗಿತ್ತು. ಆಕೆಯೇ ಬರೆದುಕೊಟ್ಟ ಪತ್ರವಾದ್ದರಿಂದ ಗಂಡ ತೀರಿದ ಕಾಲ, ಮಕ್ಕಳಿಲ್ಲದ ಸಂಗತಿ, ಹುಡುಗನನ್ನು ಕೊಟ್ಟವರ ಮನೆತನ ಇವೆಲ್ಲ ಆಕೆಯ ಮಾತಾಗಿಯೇ ಅಲ್ಲಿರುವ ಸಂಭವವುಂಟು.

ನಡುವೆ ಹೆಸರು ಕಾಣದಾದರೆ ಆಕೆ ತೀರಿಕೊಂಡಳೆಂದು ಅವಸರದಿಂದ ಬರೆದುಕೊಳ್ಳಬಾರದು. ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ, ಬೇರೆ ಊರಿಗೆ ಹೋಗಿರಬಹುದು. 1856ರ ಕಾಯಿದೆಯಂತೆ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯಲ್ಲಿ ಹಕ್ಕು ಉಳಿಯುತ್ತಿರಲಿಲ್ಲ. ಈ ಸಂಗತಿಯನ್ನು ಮನೆಯವರು ಮುಚ್ಚಿಡುವುದುಂಟು. ಗೌರವದಿಂದ, ಒಬ್ಬೊಬ್ಬರನ್ನೇ ಕೇಳಬೇಕು.

ತವರಿನ ಊರು ಸರಕಾರಿ ಕಾಗದಕ್ಕಿಂತ ಮನೆಯಲ್ಲಿಯೇ ಸಿಗುವುದು ಹೆಚ್ಚು. ಮದುವೆಯ ಆಯಾರದ (ಉಡುಗೊರೆಯ) ವಹಿಯಲ್ಲಿ ಸೀರೆ, ಕುಪ್ಪಸದ ಖಣ ತಂದವರ ಊರುಗಳಿರುತ್ತವೆ. ಅಟ್ಟದ ಮೇಲಿನ ಹಿತ್ತಾಳೆಯ ಕೊಡ, ತಂಬಿಗೆಗಳ ಕಂಠದಲ್ಲಿ ಕೊಟ್ಟವರ ಹೆಸರು ಕೊರೆದಿರುತ್ತದೆ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯಿದ್ದುದರಿಂದ ತವರಿನವರು ಬೇರೆಯದೇ ಹೆಸರು ಹೇಳಿದರೆ ಗೊಂದಲಪಡದೆ ಎರಡನ್ನೂ ಬರೆದುಕೊಳ್ಳಬೇಕು. ಸುಗ್ಗಿಯ ನಂತರ ಎತ್ತಿನೊಂದಿಗೆ ಬಂದು ವಂಶಾವಳಿ ಹೇಳುವ ಹೆಳವರಲ್ಲಿ ಗಂಡಸರ ಹೆಸರುಗಳೇ ಹೆಚ್ಚು. ಆದರೂ ತವರಿನ ಊರು ತಿಳಿದ ಮೇಲೆ ಆ ಮನೆತನದ ಹೆಳವರನ್ನು ಕಂಡು, ಆಕೆಯ ಅಣ್ಣತಮ್ಮಂದಿರ ಹೆಸರು ಕೇಳಿ, ಅವರ ಉತಾರದಿಂದ ಹುಡುಕಾಟವನ್ನು ಮತ್ತೆ ತೊಡಗಬೇಕು.